ಶ್ರೀಶೈಲದ ದಾರಿ ಅರ್ಧಕ್ಕೆ ಬಿಟ್ಟವರು ಸೋತವರೇ?

ಪ್ರಶ್ನೆ: ನಾನು ರಾಯಚೂರು ತಾಲೂಕಿನವನು. ವಯಸ್ಸು 43, ಬೀಜ-ಗೊಬ್ಬರದ ಅಂಗಡಿ ಇದೆ. ಅವ್ವ ಹುಷಾರಾದರೆ ಶ್ರೀಶೈಲಕ್ಕೆ ನಡೆದು ಬರ್ತೀನಿ ಅಂತ ಹರಕೆ ಹೊತ್ತಿದ್ದೆ. ಕಳೆದ ಯುಗಾದಿಗೆ ಊರಿನ ಮೂವತ್ತು ಮಂದಿ ಜೊತೆ ಹೊರಟೆ, ಆರು ದಿನದ ಲೆಕ್ಕ. ನಾಲ್ಕನೇ ದಿನ ನಂದಿಕೊಟ್ಕೂರಿನ ಹತ್ತಿರ ಎರಡೂ ಅಂಗಾಲಿಗೆ ಬೊಬ್ಬೆ ಎದ್ದು, ಬಲಮಂಡಿ ಹಿಡಿದು, ಸಾಮಾನಿನ ಗಾಡಿ ಹತ್ತಿದೆ. ದರ್ಶನ ಆಯಿತು, ಮನಸ್ಸು ಒಪ್ಪಲಿಲ್ಲ. ಈಗ ಮತ್ತೆ ನಡೆಯಬೇಕು ಅನ್ನಿಸುತ್ತಿದೆ. ಹರಕೆಗೋ, ಮಂದಿ ಮಾತಿಗೋ, ನನಗೇ ಬೇಕಾಗಿಯೋ ತಿಳಿಯುತ್ತಿಲ್ಲ. ಪೂರ್ತಿ ನಡೆದರೆ ಮಾತ್ರ ಗೆದ್ದಂತೆಯೇ? ಮುಂದಿನ ಸಲ ಹೇಗೆ ತಯಾರಾಗಲಿ?

ಉತ್ತರ: ಗೆಲುವು-ಸೋಲಿನ ಮಾತಿಗೆ ಮುಂಚೆ ದಾರಿಯ ಲೆಕ್ಕ ನೋಡೋಣ. ರಾಯಚೂರಿನಿಂದ ಕರ್ನೂಲಿಗೆ ಹತ್ತಿರ ಹತ್ತಿರ 100 ಕಿ.ಮೀ. ತುಂಗಭದ್ರೆ ದಾಟಿ ಕರ್ನೂಲು ಹೊಕ್ಕ ಮೇಲೆ, ನಂದಿಕೊಟ್ಕೂರು ಹಾಯ್ದು ಆತ್ಮಕೂರಿಗೆ ಸುಮಾರು 70. ಅಲ್ಲಿಂದ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಎಂದು ಹೋಗುವ ನಲ್ಲಮಲದ ಕಾಡುದಾರಿ ಸೇರಿ ಇನ್ನೊಂದು 50–60. ಒಟ್ಟು 220ರಿಂದ 230 ಕಿ.ಮೀ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 38.

ಯುಗಾದಿ ಹೊತ್ತಿನ ನಮ್ಮ ಸೀಮೆಯ ಬಿಸಿಲಿನಲ್ಲಿ ಬೆಳಗಿನ 10ರಿಂದ ಸಂಜೆ 4:30ರವರೆಗೆ ನಡೆಯುವುದು ಅಪಾಯ. ನಸುಕಿನ 4ಕ್ಕೆ ಹೊರಟರೆ 10ರೊಳಗೆ ಸಿಗುವುದು 6 ತಾಸು. ನೀರು, ನಾಷ್ಟಾ, ಕಾಲಿನ ಆರೈಕೆಗೆ 1 ತಾಸು ಹೋಗಿ ಉಳಿದ 5 ತಾಸಿನಲ್ಲಿ, ತಾಸಿಗೆ 4.5 ಕಿ.ಮೀ.ನಂತೆ, 22 ಕಿ.ಮೀ. ಆಗುತ್ತದೆ. ಸಂಜೆ 4:30ರಿಂದ 8ರೊಳಗೆ, ನಡುವೆ ಅರ್ಧ ತಾಸು ಕೂತರೆ, ದಣಿದ ಕಾಲಿನಲ್ಲಿ 12. ಎಲ್ಲ ನೆಟ್ಟಗೆ ನಡೆದರೂ 34ಕ್ಕೆ ನಿಲ್ಲುತ್ತದೆ. ದಿನಕ್ಕೆ 38 ಆಗಬೇಕಾದರೆ ಬಿಸಿಲಿನಲ್ಲಿ ನಡೆಯಬೇಕು, ಇಲ್ಲವೇ ನಿದ್ದೆ ಕಡಿಯಬೇಕು. ವರ್ಷವಿಡೀ ಎರೆಹೊಲದಲ್ಲಿ ಓಡಾಡುವವರ ಕಾಲು ಇದನ್ನು ತಡೆದೀತು. ಗಲ್ಲಾದ ಮುಂದೆ ಕೂತು ವ್ಯಾಪಾರ ಮಾಡುವವರ ಕಾಲು ಮೂರನೆಯ ಅಥವಾ ನಾಲ್ಕನೆಯ ದಿನ ನಿಲ್ಲುವುದು ತೀರ ಸಹಜ. ನೀವು ತಾಲೀಮಿನ ಮಾತನ್ನೇ ಎತ್ತಿಲ್ಲ. ಅದಿಲ್ಲದೆಯೇ ಹೊರಟಿದ್ದರೆ 130 ಕಿ.ಮೀ. ಸಣ್ಣ ದೂರವೇನಲ್ಲ. ಭಕ್ತಿ ಸಾಲಲಿಲ್ಲ, ಹಟ ಸಾಲಲಿಲ್ಲ ಎಂದು ಯಾರಾದರೂ ಅಂದಿದ್ದರೆ ಆ ಮಾತನ್ನು ಇಲ್ಲಿಗೇ ಬಿಡಿ.

ಈಗ ಯಾಕೆ ನಡೆಯಬೇಕು ಎಂಬ ಪ್ರಶ್ನೆ. ನೀವು ಮೂರು ಕಾರಣ ಬರೆದಿದ್ದೀರಿ. ಮೂರೂ ಒಟ್ಟಿಗೆ ಇರಬಹುದು, ಹೆಚ್ಚಿನವರಲ್ಲಿ ಇರುವುದೂ ಹಾಗೆಯೇ. ತೊಡಕು ಏನೆಂದರೆ ಮೂರಕ್ಕೂ ಅಳತೆಗೋಲು ಬೇರೆ. ಹರಕೆಯ ನಡಿಗೆಯನ್ನು ಮಂದಿಯ ಮೊಳದಿಂದ ಅಳೆದಿರಿ. ದರ್ಶನವಾದರೂ ಮನಸ್ಸು ಒಪ್ಪದ್ದು ಅದಕ್ಕೆ.

ಹರಕೆಯನ್ನು ಮೊದಲು ಬಿಡಿಸೋಣ. ಹೊತ್ತಾಗ ಬಾಯಿಂದ ಬಂದ ಮಾತೇನು ಎಂದು ನೆನಪು ಮಾಡಿಕೊಂಡು ಒಂದು ಚೀಟಿಯಲ್ಲಿ ಬರೆಯಿರಿ. "ನಡೆದು ಬರ್ತೀನಿ" ಎಂದಷ್ಟೇ ಅಂದಿದ್ದರೆ ಆರು ದಿನ, ಮೂವತ್ತು ಮಂದಿ, ಒಂದೇ ಸಲ ಎಂಬ ಮಾತುಗಳು ಹರಕೆಯಲ್ಲಿ ಇಲ್ಲ. ಅವು ಗುಂಪಿನ ಮುಂದಾಳು ಹಾಕಿದ ಲೆಕ್ಕ, ಶ್ರೀಶೈಲದ ಮಲ್ಲಯ್ಯ ಕೇಳಿದ್ದಲ್ಲ. ಉಳಿದ ದಾರಿಯನ್ನು ನಂದಿಕೊಟ್ಕೂರಿನಿಂದ ಹಿಡಿದು ನಡೆದರೆ ಹರಕೆ ತೀರುತ್ತದೆಯೇ, ಮೊದಲಿನಿಂದ ನಡೆಯಬೇಕೇ ಎಂಬುದನ್ನು ನಿಮ್ಮ ಮನೆಯ ಅಯ್ಯನೋರನ್ನು ಕೇಳಿ. ಅವ್ವನನ್ನೂ ಕೇಳಿ, ಹರಕೆ ಅವರ ಹೆಸರಿನದು. ನಡಿಗೆಯ ತಿಳಿವಳಿಕೆಯಿಂದ ಹೇಳಬಹುದಾದದ್ದು ಇಷ್ಟು: ತುಂಡು ತುಂಡಾಗಿ ನಡೆಯುವುದನ್ನು ದೊಡ್ಡ ಯಾತ್ರಾಪರಂಪರೆಗಳು ಕೀಳಾಗಿ ಕಂಡಿಲ್ಲ. ಜಪಾನಿನ ಶಿಕೊಕು ದ್ವೀಪದಲ್ಲಿ 88 ಗುಡಿಗಳ ಸುತ್ತು ಸುಮಾರು 1,200 ಕಿ.ಮೀ. ಅದನ್ನು ಕೆಲವು ವರ್ಷಗಳಲ್ಲಿ ಭಾಗಭಾಗವಾಗಿ ನಡೆದು ಮುಗಿಸುವ ಪದ್ಧತಿಗೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ. ಸ್ಪೇನಿನ ಸ್ಯಾಂಟಿಯಾಗೋ ಯಾತ್ರೆಯಲ್ಲಿ ಫ್ರಾನ್ಸ್ ಗಡಿಯಿಂದ ಹೊರಟವರು 780 ಕಿ.ಮೀ.ಯಷ್ಟು ನಡೆಯುತ್ತಾರೆ, ಆದರೆ ಕೊನೆಯ 100 ಕಿ.ಮೀ. ನಡೆದವರಿಗೂ ಯಾತ್ರೆಯ ಪತ್ರ ಸಿಗುತ್ತದೆ. ಅಲ್ಲಿ ಪತ್ರ ಕೊಡುವಾಗ ಯಾಕೆ ನಡೆದಿರಿ ಎಂದು ಕೇಳುತ್ತಾರೆ. ಭಕ್ತಿಗೆ ನಡೆದವರಿಗೆ ಒಂದು ಪತ್ರ, ಬೇರೆ ಕಾರಣಕ್ಕೆ ನಡೆದವರಿಗೆ ಇನ್ನೊಂದು. ಕಾರಣ ಬೇರೆಯಾದರೆ ಯಾತ್ರೆಯೂ ಬೇರೆ ಎಂದು ಅಲ್ಲಿಯವರು ಒಪ್ಪಿಕೊಂಡಿದ್ದಾರೆ.

ಮಂದಿ ಮಾತು ಎರಡನೆಯದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು, ಊರಿನಲ್ಲಿ ಬದುಕುವವರಿಗೆ ಅದು ನಿಜವಾದ ಭಾರ. ಆದರೆ ದೂರದ ನಡಿಗೆಗೆ ಅದು ಸಾಲದ ಉರುವಲು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಪ್ರೇರಣೆಯ ಬಗ್ಗೆ ಕಟ್ಟಿದ ಸಿದ್ಧಾಂತದಲ್ಲಿ ಒಂದು ಸೂಕ್ಷ್ಮವಿದೆ. ಹೊರಗಿನ ಬಹುಮಾನ, ಒಳಗಿನ ಖುಷಿ ಎಂಬ ಎರಡೇ ಬಗೆ ಅಲ್ಲ. ನಡುವೆ, ನಾಚಿಕೆ ತಪ್ಪಿಸಿಕೊಳ್ಳಲು ನಮ್ಮನ್ನು ನಾವೇ ದೂಡಿಕೊಳ್ಳುವ ಬಗೆಯೂ ಇದೆ. ನೋಡಲು ಅದು ಒಳಗಿನದರಂತೆಯೇ ಕಾಣುತ್ತದೆ. ಮೊದಲ ಎರಡು ದಿನ ಅದು ಜೋರಾಗಿ ಓಡಿಸುತ್ತದೆ, ಯಾಕೆಂದರೆ ನೋಡುವವರು ಇರುತ್ತಾರೆ, ಹಾರ ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ಮೂರನೆಯ ದಿನ ಡಾಂಬರು ರಸ್ತೆಯ ಮೇಲೆ ಒಬ್ಬೊಬ್ಬರೇ ಉಳಿದಾಗ ಅದಕ್ಕೆ ಹಿಡಿತ ಇರುವುದಿಲ್ಲ. ಅಷ್ಟೇ ಅಲ್ಲ, ಹಿಂದೆ ಬೀಳುವ ಅಂಜಿಕೆಯಿಂದ ಕಾಲು ಉರಿದಾಗ ನಿಲ್ಲದಂತೆ ಮಾಡುವುದೂ ಅದೇ. ನಿಮ್ಮ ಬೊಬ್ಬೆ ದೊಡ್ಡದಾದದ್ದಕ್ಕೂ ಇದಕ್ಕೂ ಸಂಬಂಧ ಇದ್ದೀತು.

ಯಾವ ಕಾರಣ ಎಷ್ಟು ಗಟ್ಟಿ ಎಂದು ನೋಡಲು ಒಂದು ಸಂಜೆ ಸಾಕು. ಅಂಗಡಿ ಮುಚ್ಚಿದ ಮೇಲೆ ನಡೆಯಬೇಕೆನ್ನಿಸುವ ಕಾರಣಗಳನ್ನು ಸಾಲಾಗಿ ಬರೆಯಿರಿ, ಹತ್ತಾದರೂ ಆಗಲಿ. ಆಮೇಲೆ ಪ್ರತಿ ಸಾಲಿಗೂ ಎರಡು ಪ್ರಶ್ನೆ. ಹೋಗಿ ಬಂದದ್ದು ಊರಿನಲ್ಲಿ ಒಬ್ಬರಿಗೂ ಗೊತ್ತಾಗದಿದ್ದರೂ ಈ ಕಾರಣ ಉಳಿಯುತ್ತದೆಯೇ? ಎಷ್ಟು ದಿನವಾದರೂ ಹಿಡಿಯಲಿ ಎಂದರೆ ಉಳಿಯುತ್ತದೆಯೇ? ಎರಡಕ್ಕೂ ಹೌದೆಂದ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಉಳಿಯುವುದು ಎರಡೋ ಮೂರೋ. ಚೀಟಿಯನ್ನು ಒಂದು ತಿಂಗಳು ಬಿಟ್ಟು ಮತ್ತೆ ಓದಿ. ಆಗಲೂ ಅವೇ ನಿಮ್ಮವೆನ್ನಿಸಿದರೆ ತಯಾರಿ ಶುರು ಮಾಡಬಹುದು. ಒಂದೂ ಉಳಿಯದಿದ್ದರೆ ಈ ವರ್ಷ ನಡೆಯದಿರುವುದೇ ಸರಿ.

ಮೂರನೆಯದು, ನನಗೇ ಬೇಕು ಎನ್ನುವುದು. ಇದಕ್ಕೆ ಸಮರ್ಥನೆ ಹುಡುಕಬೇಕಾಗಿಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಹುಟ್ಟಿದ ಸೀಮೆ ನಮ್ಮದು. ಕಾಲಿದೆ ಎಂಬುದೇ ನಡೆಯಲು ಸಾಕಷ್ಟು ಕಾರಣ. ಅಮೆರಿಕದ ಅಪಲೇಚಿಯನ್ ಹಾದಿ ಸುಮಾರು 3,500 ಕಿ.ಮೀ. ಉದ್ದದ್ದು, ಒಂದೇ ವರ್ಷದಲ್ಲಿ ಪೂರ್ತಿ ನಡೆಯಲು ಹೊರಟವರಲ್ಲಿ ಮುಗಿಸುವವರು ನಾಲ್ಕರಲ್ಲಿ ಒಬ್ಬರಷ್ಟೇ. ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1954ರಲ್ಲಿ ಅದರ ಉತ್ತರದ ತುದಿಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಒಡೆದು, ಕೆಲವೇ ದಿನಗಳಲ್ಲಿ ಮನೆಗೆ ಮರಳಿದರು. 1955ರಲ್ಲಿ, 67ರ ವಯಸ್ಸಿನಲ್ಲಿ, ದಕ್ಷಿಣದ ತುದಿಯಿಂದ ಹೊರಟು ಬಟ್ಟೆಯ ಬೂಟು ಹಾಕಿಕೊಂಡು, ಕೈಯಾರೆ ಹೊಲಿದ ಚೀಲ ಹೆಗಲಿಗೇರಿಸಿ ಪೂರ್ತಿ ನಡೆದರು. ಮುಂದೆ ಇನ್ನೆರಡು ಸಲ ಮುಗಿಸಿದರು, ಅದರಲ್ಲಿ ಮೂರನೆಯದು ತುಂಡು ತುಂಡಾಗಿ. ಮೊದಲ ಸಲ ಮನೆಗೆ ಮರಳಿದ್ದು ಅವರ ಲೆಕ್ಕದಲ್ಲಿ ಕೊನೆಯಾಗಿರಲಿಲ್ಲ ಎಂಬುದನ್ನು ಗಮನಿಸಿ.

ಯಶಸ್ಸನ್ನು ಹೊರಡುವ ಮುಂಚೆಯೇ ಮೂರು ಮಟ್ಟದಲ್ಲಿ ಬರೆದಿಡಿ. ಒಂದೇ ಗೆರೆ ಎಳೆದರೆ ಆ ಗೆರೆಯ ಈಚೆ ಬಿದ್ದದ್ದೆಲ್ಲ ಸೋಲಾಗುತ್ತದೆ. ತಳದ ಮಟ್ಟ, ಕಾಯಂ ಗಾಯವಿಲ್ಲದೆ ಮನೆಗೆ ಮರಳುವುದು. ವಾರದೊಳಗೆ ಅಂಗಡಿಯಲ್ಲಿ ನಿಲ್ಲುವಂತಿರಬೇಕು. ನಡುವಿನದು, ಪ್ರತಿದಿನ ನಿಮ್ಮ ವೇಗದಲ್ಲಿ, ನಿಮ್ಮ ಕಾರಣ ನೆನಪಿಟ್ಟು ನಡೆಯುವುದು. ಅದಕ್ಕೆ ದಿನದ ಕೊನೆಗೆ ಒಂದು ಸಾಲು ಬರೆಯಿರಿ: ಇಂದು ಎಲ್ಲಿ ಅವಸರ ಮಾಡಿದೆ, ಯಾರಿಗಾಗಿ ಮಾಡಿದೆ. ಮೇಲಿನದು ಶ್ರೀಶೈಲದ ಹೊಸ್ತಿಲು. ಮೂರನೆಯದು ತಪ್ಪಿದರೂ ಮೊದಲೆರಡು ನಿಮ್ಮ ಕೈಯಲ್ಲೇ ಇರುತ್ತವೆ. ಕಳೆದ ಸಲದ ನಡಿಗೆಯನ್ನೂ ಇದರಲ್ಲಿ ಇಟ್ಟು ನೋಡಿ.

ಇನ್ನು ತಯಾರಿ. ಆರು ದಿನ ಬಿಟ್ಟು ಹತ್ತು ದಿನ ಇಟ್ಟುಕೊಳ್ಳಿ. ಆತ್ಮಕೂರಿನವರೆಗೆ ದಿನಕ್ಕೆ 25 ಕಿ.ಮೀ.ನಂತೆ ಏಳು ದಿನ, ಕರ್ನೂಲಿನಲ್ಲಿ ಅರ್ಧ ದಿನ ವಿಶ್ರಾಂತಿ, ಕಾಡಿಗೆ ಎರಡು ದಿನ, ಕೈಯಲ್ಲಿ ಅರ್ಧ ದಿನ. ಹೊರಡುವ ದಿನದಿಂದ ಹಿಂದಕ್ಕೆ 12 ವಾರ ಎಣಿಸಿ ತಾಲೀಮು ಶುರು ಮಾಡಿ. ಬಿಪಿ, ಸಕ್ಕರೆ ಒಮ್ಮೆ ನೋಡಿಸಿ. ಸಕ್ಕರೆ ಇದ್ದವರಿಗೆ ಬೊಬ್ಬೆಯ ನೋವು ಗೊತ್ತಾಗದೆ ಗಾಯ ಕೀವಾಗುವುದುಂಟು. ಮಂಡಿಯನ್ನೂ ವೈದ್ಯರಿಗೆ ತೋರಿಸಿ.

ವಾರದಲ್ಲಿ ಮೂರು ದಿನ 5 ಕಿ.ಮೀ., ಭಾನುವಾರ ಉದ್ದ ನಡಿಗೆ. ಮೊದಲ ಭಾನುವಾರ 10, ಆಮೇಲೆ 12, 14. ನಾಲ್ಕನೆಯ ವಾರ 9ಕ್ಕೆ ಇಳಿಸಿ. ಮತ್ತೆ 16, 18, 20. ಎಂಟನೆಯ ವಾರ 13. ಇಳಿಸುವ ವಾರವನ್ನು ಬಿಡಬೇಡಿ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನರಕಟ್ಟು ಮತ್ತು ಮೂಳೆಗೆ ಹೆಚ್ಚು ಸಮಯ ಬೇಕು. ಮೈಗೆ ಹುರುಪು ಬಂದಿದೆ ಎಂದು ದೂರ ಏರಿಸಿದವರ ಮಂಡಿ, ಹಿಮ್ಮಡಿ ಹಿಡಿಯುವುದು ಇಲ್ಲಿಯೇ. ಒಂಬತ್ತನೆಯ ವಾರ ಶನಿವಾರ 18, ಮರುದಿನವೇ 20 ನಡೆಯಿರಿ. ಹಿಂದಿನ ದಿನದ ದಣಿವಿನ ಮೇಲೆ ನಡೆಯುವುದೇ ಪಾದಯಾತ್ರೆಯ ನಿಜವಾದ ಪಾಠ. ಹತ್ತನೆಯ ವಾರ ಮಂತ್ರಾಲಯ. ರಾಯಚೂರಿನಿಂದ ಸುಮಾರು 45 ಕಿ.ಮೀ., ಎರಡು ದಿನಕ್ಕೆ ಹಂಚಿ. ಬೂಟು, ಚೀಲ, ಊಟದ ಹೊತ್ತು ಎಲ್ಲ ಯುಗಾದಿಗೆ ಇರುವಂತೆಯೇ ಇರಲಿ. ಕೊನೆಯ ಎರಡು ವಾರ ಅರ್ಧಕ್ಕಿಳಿಸಿ.

ಕಾಲುವೆ ದಂಡೆಯ ಮಣ್ಣಿನಲ್ಲಿ ನಡೆಯುವುದು ಮಂಡಿಗೆ ಹಿತ, ಆದರೆ ತಾಲೀಮಿನ ಅರ್ಧವನ್ನಾದರೂ ಡಾಂಬರಿನ ಮೇಲೆ ಮಾಡಿ. ನಿಮ್ಮ ದಾರಿಯ ಮುಕ್ಕಾಲು ಭಾಗ ಅದೇ. ಭೀಮನಕೊಳ್ಳದ ಕಡಿದಾದ ಇಳಿತ ಮತ್ತು ಅಲ್ಲಿಂದ ಕೈಲಾಸದ್ವಾರಕ್ಕೆ ಏರುವ ಮೆಟ್ಟಿಲುಗಳಿಗೆ ವಾರಕ್ಕೊಮ್ಮೆ ರಾಯಚೂರು ಕೋಟೆಯ ಗುಡ್ಡ ಹತ್ತಿ ಇಳಿಯಿರಿ. ಒಮ್ಮೆ ಆನೆಗೊಂದಿ ಕಡೆ ಹೋದಾಗ ಅಂಜನಾದ್ರಿಯ 575 ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಯಿರಿ. ಮಂಡಿಯನ್ನು ಪರೀಕ್ಷಿಸುವುದು ಏರಿಗಿಂತ ಇಳಿತ.

ಬಲಮಂಡಿಯೇ ಯಾಕೆ ಎಂಬುದಕ್ಕೆ ಒಂದು ಕಾರಣ ರಸ್ತೆಯಲ್ಲೇ ಇರಬಹುದು. ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚನ್ನು ಇಳಿಜಾರು ಮಾಡಿರುತ್ತಾರೆ. ಎದುರಿನ ವಾಹನ ಕಾಣಲೆಂದು ಬಲ ಅಂಚಿನಲ್ಲೇ ದಿನವಿಡೀ ನಡೆದರೆ ಬಲಗಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ವಾಹನ ಕಾಣುವಂತೆ ಬಲಕ್ಕೇ ನಡೆಯಿರಿ, ಅದನ್ನು ಬದಲಿಸಬೇಡಿ. ಆದರೆ ಡಾಂಬರಿನ ಪಕ್ಕ ಸಮತಟ್ಟಾದ ಮಣ್ಣಿನ ಪಟ್ಟಿ ಸಿಕ್ಕಲ್ಲೆಲ್ಲ ಅಲ್ಲಿಗೆ ಇಳಿಯಿರಿ. ಕತ್ತಲಲ್ಲಿ ಹೊಳೆಯುವ ಪಟ್ಟಿಯ ಜಾಕೀಟು, ಟಾರ್ಚು ಬೇಕೇ ಬೇಕು.

ಬರಿಗಾಲಲ್ಲಿ ನಡೆದಿರೋ, ಚಪ್ಪಲಿಯೋ, ಬೂಟೋ ನೀವು ಬರೆದಿಲ್ಲ. ಬರಿಗಾಲು ಹರಕೆಯ ಮಾತಿನಲ್ಲಿ ಇಲ್ಲದಿದ್ದರೆ ಬೂಟು ಹಾಕಿ. ಗಾಳಿ 40 ಡಿಗ್ರಿ ಇದ್ದಾಗ ಡಾಂಬರು 55–60 ಮುಟ್ಟುತ್ತದೆ. ದಿನವಿಡೀ ನಡೆದರೆ ಪಾದ ಊದುತ್ತದೆ, ಹಾಗಾಗಿ ಬೂಟನ್ನು ಸಂಜೆ ಹೊತ್ತು, ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ ಅರ್ಧ ನಂಬರ್ ದೊಡ್ಡದು ತೆಗೆದುಕೊಳ್ಳಿ. ಹೊಸ ಬೂಟಿನಲ್ಲಿ ಯಾತ್ರೆಗೆ ಹೊರಡಬಾರದು, ಕನಿಷ್ಠ 100 ಕಿ.ಮೀ. ಓಡಾಡಿರಬೇಕು. ಬೊಬ್ಬೆ ಏಳುವುದು ಚರ್ಮದ ಪದರಗಳು ಎಳೆದಾಡಿ ಒಳಗೇ ಸೀಳಿದಾಗ. ಬೆವರಿನಿಂದ ಒದ್ದೆಯಾದ ಚರ್ಮದಲ್ಲಿ ಅದು ಬೇಗ. ಅದಕ್ಕೆ ಎರಡು ತಾಸಿಗೊಮ್ಮೆ ಬೂಟು ಬಿಚ್ಚಿ ಕಾಲು ಆರಿಸಿ, ಒಣ ಕಾಲುಚೀಲ ಬದಲಿಸಿ, ಒದ್ದೆಯದನ್ನು ಚೀಲದ ಮೇಲೆ ಒಣಗಲು ಬಿಡಿ. ಒಂದು ಜಾಗ ಬಿಸಿಯಾಗಿ ಚುರುಗುಟ್ಟಿದರೆ ಆ ಕ್ಷಣವೇ ನಿಂತು ಔಷಧದ ಅಂಗಡಿಯ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಹಚ್ಚಿ. ಇನ್ನೊಂದು ಕಿ.ಮೀ. ಹೋಗಿ ನೋಡೋಣ ಎಂದರೆ ಅಷ್ಟರಲ್ಲಿ ನೀರು ತುಂಬಿರುತ್ತದೆ. ತುಂಬಿದ ಬೊಬ್ಬೆ ಸಣ್ಣದಾದರೆ ಮುಟ್ಟಬೇಡಿ. ನಡೆಯಲಾಗದಷ್ಟು ದೊಡ್ಡದಾದರೆ ಸ್ಪಿರಿಟ್ಟಿನಿಂದ ಒರೆಸಿದ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಡಿ, ಮೇಲಿನ ಚರ್ಮ ಕೀಳದೆ ಮುಲಾಮು ಹಚ್ಚಿ ಮುಚ್ಚಿ. ಸೂಜಿಯಲ್ಲಿ ದಾರ ಪೋಣಿಸಿ ಒಳಗೇ ಬಿಡುವ ರೂಢಿ ಇದೆ. ಆ ದಾರದ ಗುಂಟ ನಂಜು ಒಳಕ್ಕೆ ಹೋಗುತ್ತದೆ, ಬೇಡ.

ಬರೀ ನೀರು ಕುಡಿದು ಕುಡಿದು ತಲೆಸುತ್ತು, ಓಕರಿಕೆ ಬಂದರೆ ಉಪ್ಪು ಕಡಿಮೆಯಾಗಿರಬಹುದು. ಬಾಯಾರಿದಂತೆ ಕುಡಿಯಿರಿ, ದಿನಕ್ಕೆ ಒಂದೆರಡು ಲೀಟರ್ ಓಆರ್‌ಎಸ್ ಆಗಿರಲಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿ.ಲೀ.ಗೆ, ದೊಡ್ಡದನ್ನು ಅರ್ಧ ಲೀಟರಿಗೆ ಕಲಸಿದರೆ ಕೆಡುಕೇ ಹೆಚ್ಚು. ದಾರಿಯ ದಾಸೋಹಗಳಲ್ಲಿ ಕೊಡುವ ಮಜ್ಜಿಗೆಗೆ ಉಪ್ಪು ಹಾಕಿಸಿಕೊಳ್ಳಿ. ನಿಮ್ಮ ಚೀಲ ನಾಲ್ಕೈದು ಕಿಲೋ ಮೀರಬಾರದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ, ತೂಕವೂ ಕಡಿಮೆ. ನೋವಿನ ಗುಳಿಗೆ ನುಂಗಿ ನಡೆಯುವುದು ಮಾತ್ರ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಮಂಡಿ ನಿಲ್ಲು ಎನ್ನುವ ಸೂಚನೆಯನ್ನೂ ಮುಚ್ಚಿಬಿಡುತ್ತವೆ.

ಎಲ್ಲಿ ನಿಲ್ಲಬೇಕೆಂಬುದನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ದಾರಿಯಲ್ಲಿ ದಣಿದ ತಲೆ ಇದನ್ನು ಸರಿಯಾಗಿ ತೂಗುವುದಿಲ್ಲ. ನೋವಿಗೆ ಕುಂಟುತ್ತಾ ಒಂದು ತಾಸು ಕಳೆದರೆ ಅಂದಿನ ನಡಿಗೆ ಮುಗಿಯಿತು. ಬೊಬ್ಬೆ, ಬೇಸರ, ಮೈಕೈ ನೋವು ಯಾತ್ರೆ ಬಿಡಲು ಕಾರಣವಲ್ಲ, ಅರ್ಧ ದಿನ ಮಲಗಲು ಕಾರಣ. ಬಿಡುವ ನಿರ್ಧಾರವನ್ನು ಸಂಜೆ ತೆಗೆದುಕೊಳ್ಳಬೇಡಿ, ಉಂಡು ಮಲಗಿ ಬೆಳಗಿಗೆ ಮತ್ತೆ ಕೇಳಿಕೊಳ್ಳಿ. ಮಾತು ತೊದಲುವುದು, ಗಲಿಬಿಲಿ, ಮೈ ಕಾದ ಹಂಚಾಗುವುದು, ಕಂದು ಬಣ್ಣದ ಮೂತ್ರ, ಎದೆನೋವು: ಇವಕ್ಕೆ ಬೆಳಗಿನವರೆಗೆ ಕಾಯುವಂತಿಲ್ಲ. ಮೈ ಕಾದಿದ್ದರೆ ನೆರಳಿಗೆ ಸರಿಸಿ ನೀರು ಸುರಿದು ಗಾಳಿ ಹಾಕಿ, ಯಾವುದೇ ಆದರೂ ಕೂಡಲೇ 108ಕ್ಕೆ ಕರೆ ಮಾಡಿ.

ವೆಂಕಟಾಪುರದಲ್ಲಿ ಮಾತ್ರ ನಿಯಮ ಇನ್ನೂ ಬಿಗಿ. ಅಲ್ಲಿಂದ ಮುಂದೆ ಹುಲಿ ಸಂರಕ್ಷಿತ ಕಾಡು. ಶಿವರಾತ್ರಿ, ಯುಗಾದಿ ಹೊತ್ತಿಗೆ ಅರಣ್ಯ ಇಲಾಖೆ ಬಿಟ್ಟ ದಿನಗಳಲ್ಲಷ್ಟೇ ದಾರಿ ತೆರೆದಿರುತ್ತದೆ, ಹಾಗಾಗಿ ಆ ತಾರೀಖು ಕೇಳಿಕೊಂಡೇ ಹೊರಡಿ. ಒಳಗೆ ಹೋದ ಮೇಲೆ ಸಾಮಾನಿನ ಗಾಡಿ ಸಿಗುವುದಿಲ್ಲ. ಕುಂಟುತ್ತಾ ವೆಂಕಟಾಪುರ ಮುಟ್ಟಿದರೆ ಕಾಡು ಹೊಗಬೇಡಿ. ಬಸ್ಸಿನಲ್ಲಿ ದೋರ್ನಾಲದ ಮೇಲೆ ಸುತ್ತಿ ಹೋಗಿ ದರ್ಶನ ಮಾಡಿ, ಕಾಡಿನ ತುಂಡನ್ನು ಮುಂದಿನ ವರ್ಷಕ್ಕೆ ಇಡಿ.

ಮುಗಿಸಿದವರಿಗೂ ಮನೆಗೆ ಬಂದ ಮೇಲೆ ಒಂದೆರಡು ವಾರ ಮನಸ್ಸು ಖಾಲಿ ಖಾಲಿ ಆಗುವುದುಂಟು. ಹತ್ತು ದಿನ ಒಂದೇ ಕೆಲಸವಿದ್ದ ಮೈಗೆ ಮತ್ತೆ ಗಲ್ಲಾದ ಮುಂದೆ ಕೂರುವುದು ಕಷ್ಟ. ಮೊದಲ ವಾರ ದಿನಕ್ಕೆ ಎರಡು-ಮೂರು ಕಿ.ಮೀ. ಹಗುರವಾಗಿ ನಡೆಯಿರಿ.

ಗುಂಪಿನ ವಿಷಯ ಉಳಿಯಿತು. ಹೆಚ್ಚಿನವರಿಗೆ ಹೆಗಲ ಮೇಲೆ ಕಾವಡಿಯಂಥ ಕಂಬಿ ಹೊತ್ತು, ಭಜನೆ ಹೇಳುತ್ತಾ, ನಮ್ಮವರು ಮನೆಮಗಳೆಂದೇ ಕಾಣುವ ಶ್ರೀಶೈಲದ ದೇವಿ ಭ್ರಮರಾಂಬೆಗೆ ಸೀರೆ-ಕುಪ್ಪಸ ಒಯ್ಯುವುದೇ ಯಾತ್ರೆ. ನಿಮಗೂ ಹಾಗಿದ್ದರೆ ಒಬ್ಬರೇ ಹೋಗುವುದರಲ್ಲಿ ಅರ್ಧ ಸುಖ ಹೋಗುತ್ತದೆ. ಮುಂದಾಳಿಗೆ ಈಗಲೇ ಹೇಳಿ: ನೀವು, ನಿಮ್ಮ ವೇಗದ ಇನ್ನೂ ಇಬ್ಬರು ಮೂವರು, ಉಳಿದವರಿಗಿಂತ ನಾಲ್ಕು ದಿನ ಮೊದಲು ಹೊರಡುತ್ತೀರಿ, ಆತ್ಮಕೂರಿನಲ್ಲಿ ಅವರನ್ನು ಕೂಡಿಕೊಳ್ಳುತ್ತೀರಿ, ಕಾಡನ್ನು ಒಟ್ಟಿಗೆ ದಾಟುತ್ತೀರಿ. ಇಳಿದುಕೊಳ್ಳುವ ಗುಡಿ, ಮಠಗಳಿಗೆ ಅವರು ಮಾತು ಕೊಡುವ ಮುಂಚೆ ಈ ಮಾತು ಆಗಿರಲಿ.